ಲ್ಯಾಪ್‌ಟಾಪಿನೊಳಗೆ ಎರಡು ಊರು

ನಾಸಿಕ್‌ನಿಂದ ಛತ್ರಪತಿ ಸಂಭಾಜಿನಗರಕ್ಕೆ ಸುಮಾರು 200 ಕಿಲೋಮೀಟರ್ ರಸ್ತೆ. ಒಂದೇ ಸಾಫ್ಟ್‌ವೇರ್ ಸೇವೆ ಎರಡೂ ಊರುಗಳಲ್ಲಿ ಓಡಬೇಕು, ಒಂದು ಕಡೆ ನಿಂತರೆ ಇನ್ನೊಂದು ಕಡೆ ಕೆಲಸ ಸಾಗಬೇಕು ಎಂದಿಟ್ಟುಕೊಳ್ಳಿ. ಇದನ್ನು ಗ್ರಾಹಕರ ಮೇಲೆ ಪ್ರಯೋಗಿಸಿ ಕಲಿಯುವಂತಿಲ್ಲ. ಕ್ಲೌಡಿನಲ್ಲಿ ಕಲಿಯಹೊರಟರೆ ಬಿಲ್ ಏರುತ್ತದೆ. ಆದ್ದರಿಂದ ಎಂಜಿನಿಯರುಗಳು ಎರಡು ಊರನ್ನೂ ಲ್ಯಾಪ್‌ಟಾಪಿನೊಳಗೇ ಕಟ್ಟಿಕೊಳ್ಳುತ್ತಾರೆ.

‘ಕೈಂಡ್’ ಎಂಬ ಉಚಿತ ಉಪಕರಣ ಡಾಕರ್ ಕಂಟೇನರುಗಳನ್ನೇ ಯಂತ್ರಗಳಂತೆ ಬಳಸಿ ಕುಬರ್ನೆಟಿಸ್ ಕ್ಲಸ್ಟರ್ ಕಟ್ಟಿಕೊಡುತ್ತದೆ. ಒಂದಕ್ಕೆ ನಾಸಿಕ್, ಇನ್ನೊಂದಕ್ಕೆ ಸಂಭಾಜಿನಗರ ಎಂದು ಹೆಸರಿಟ್ಟರಾಯಿತು. ಎರಡರ ಮೇಲೂ ಗೂಗಲ್, ಐಬಿಎಂ, ಲಿಫ್ಟ್ ಸೇರಿ 2017ರಲ್ಲಿ ಹೊರತಂದ ಸರ್ವಿಸ್ ಮೆಶ್ ಇಸ್ಟಿಯೊ. ಸೇವೆಗಳು ಪರಸ್ಪರ ಗುರುತು ಹಿಡಿದು, ಗುಟ್ಟಾಗಿ ಮಾತಾಡುವಂತೆ ನೋಡಿಕೊಳ್ಳುವುದು ಅದರ ಕೆಲಸ.

ಮೊದಲ ತೊಡಕು ನಂಬಿಕೆಯದು. ಬೇರೆ ಬೇರೆಯಾಗಿ ಸ್ಥಾಪಿಸಿದರೆ ಪ್ರತಿ ಇಸ್ಟಿಯೊ ತನ್ನದೇ ಮೂಲ ಪ್ರಮಾಣಪತ್ರ ಮಾಡಿಕೊಳ್ಳುತ್ತದೆ. ಇವರ ಗುರುತುಚೀಟಿ ಅವರಿಗೆ ಒಪ್ಪಿಗೆಯಾಗದು. ನಾಸಿಕ್ ರೋಡಿನಲ್ಲಿ ಅಚ್ಚಾದ ನೋಟು ಸಂಭಾಜಿನಗರದಲ್ಲಿ ನಡೆಯುವುದು ಎರಡೂ ಊರಿನವರು ರಿಸರ್ವ್ ಬ್ಯಾಂಕನ್ನು ನಂಬುವುದರಿಂದ. ಇಲ್ಲಿಯೂ ಒಂದೇ ಮೂಲದಿಂದ ಎರಡಕ್ಕೂ ಪ್ರಮಾಣಪತ್ರ ಕೊಟ್ಟು, ಆಮೇಲೆ ಇಸ್ಟಿಯೊ ಹಾಕಬೇಕು.

ಎರಡನೆಯದು ವಿಳಾಸ. ಕೈಂಡ್ ಬರೆದುಕೊಡುವ ಕಡತದಲ್ಲಿ ಕ್ಲಸ್ಟರಿನ ವಿಳಾಸ 127.0.0.1 ಎಂದಿರುತ್ತದೆ. ಅದರ ಅರ್ಥ ‘ಇಲ್ಲೇ’. ಸಂಭಾಜಿನಗರದ ಈ ವಿಳಾಸವನ್ನು ನಾಸಿಕ್‌ಗೆ ಕೊಟ್ಟರೆ ಅದು ತನ್ನೊಳಗೇ ಹುಡುಕುತ್ತದೆ. ಡಾಕರ್ ಜಾಲದಲ್ಲಿರುವ ನಿಜವಾದ ವಿಳಾಸವನ್ನೇ ಕೊಡಬೇಕು. ಎರಡು ಊರುಗಳ ನಡುವಿನ ಗೇಟ್‌ವೇ 15443ನೇ ಪೋರ್ಟಿನಲ್ಲಿ ತೆರೆದಿರಬೇಕು.

ಇಷ್ಟಾದರೆ ನಾಸಿಕ್‌ನ ಕೋರಿಕೆಗೆ ಸಂಭಾಜಿನಗರ ಉತ್ತರಿಸುತ್ತದೆ. ಗೆದ್ದೆವು ಅನ್ನಿಸುತ್ತದೆ, ಆದರೆ ಪ್ರಯೋಗಾಲಯ ದೂರವನ್ನು ಮುಚ್ಚಿಟ್ಟಿದೆ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. 200 ಕಿಲೋಮೀಟರ್ ಹೋಗಿಬರಲು ಕನಿಷ್ಠ 2 ಮಿಲಿಸೆಕೆಂಡ್. ಒಂದು ಪುಟ ತೆರೆಯಲು ಒಂದಾದ ಮೇಲೊಂದರಂತೆ 50 ಕರೆ ಆಚೆ ಊರಿಗೆ ಹೋದರೆ 100 ಮಿಲಿಸೆಕೆಂಡ್ ದಾರಿಯಲ್ಲೇ ಕಳೆಯಿತು. ಲ್ಯಾಪ್‌ಟಾಪಿನಲ್ಲಿ ಇದು ಕಾಣುವುದೇ ಇಲ್ಲ. ಲಿನಕ್ಸಿನ ‘ಟಿಸಿ’ ಆಜ್ಞೆಯಿಂದ ಆ ವಿಳಂಬವನ್ನು ಬೇಕೆಂದೇ ಸೇರಿಸಬೇಕು.

ಬಳಿಕ ಸಂಭಾಜಿನಗರದ ಕಂಟೇನರುಗಳನ್ನು ನಿಲ್ಲಿಸಿ ನೋಡಬೇಕು. ಹಳೆಯ ವಿಳಾಸ ನೆನಪಿಟ್ಟ ನಾಸಿಕ್ ಸತ್ತ ಊರಿಗೇ ಕೋರಿಕೆ ಕಳಿಸುತ್ತಿರಬಹುದು. ಸೋತ ವಿಳಾಸವನ್ನು ಪಕ್ಕಕ್ಕಿಡುವ ನಿಯಮ ಬರೆದ ಮೇಲೆಯೇ ದಾರಿ ಬದಲಾಗುತ್ತದೆ. ಲ್ಯಾಬ್ ಕಟ್ಟುವ ಶ್ರಮವೆಲ್ಲ ಈ ಒಂದು ಸೋಲನ್ನು ಮುಂಚಿತವಾಗಿ ನೋಡುವುದಕ್ಕೆ.