ಸಣ್ಣ ಗಾಯ, ದೊಡ್ಡ ತೀರ್ಮಾನ

ನಮ್ಮ ಪೂಜ್ಯ ತಂದೆಯವರಿಗೆ 79 ವರ್ಷ. ಕಳೆದ ವರ್ಷ ಬೇರೆ ತೊಂದರೆಗೆಂದು ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದಾಗ ಅವರ ಮಹಾಪಧಮನಿಯಲ್ಲಿ 6 ಸೆಂ.ಮೀ. ಅಗಲದ ಉಬ್ಬು ಕಂಡುಬಂದಿತು. ಹೃದಯದಿಂದ ಹೊರಟ ಈ ದೊಡ್ಡ ರಕ್ತನಾಳದ ಗೋಡೆ ಹೊಟ್ಟೆಯ ಭಾಗದಲ್ಲಿ ಸಡಿಲಗೊಂಡು ಹಿಗ್ಗಿತ್ತು. ನೋವೇನೂ ಇರಲಿಲ್ಲ, ಆದರೆ ಅದು ಒಡೆದರೆ ಬದುಕಿ ಉಳಿಯುವವರು ವಿರಳ. ಪುರುಷರಲ್ಲಿ ಉಬ್ಬು 5.5 ಸೆಂ.ಮೀ. ತಲುಪಿದಾಗ ಸಾಮಾನ್ಯವಾಗಿ ಚಿಕಿತ್ಸೆಯ ವಿಚಾರ ಮಾಡುತ್ತಾರೆ.

ತಂದೆಯವರ ಹೃದಯ ದುರ್ಬಲವಾಗಿತ್ತು. ಬಹುಕಾಲದ ಬೀಡಿ ಚಟದಿಂದ ಶ್ವಾಸಕೋಶಗಳು ಸೋತಿದ್ದವು. ಹೊಟ್ಟೆ ತೆರೆಯುವ ಶಸ್ತ್ರಚಿಕಿತ್ಸೆಯನ್ನು ಅವರು ತಾಳಲಾರರೆಂದ ವೈದ್ಯರು ಇನ್ನೊಂದು ಮಾರ್ಗವನ್ನು ವಿವರಿಸಿದರು. ತೊಡೆಸಂದಿನ ರಕ್ತನಾಳದ ಮೂಲಕ, ಲೋಹದ ಜಾಲರಿಯುಳ್ಳ ಬಟ್ಟೆಯ ಕೊಳವೆಯನ್ನು ಒಯ್ದು ಉಬ್ಬಿನೊಳಗೆ ಅರಳಿಸಿ ನಿಲ್ಲಿಸುತ್ತಾರೆ. ರಕ್ತವು ಕೊಳವೆಯೊಳಗೇ ಹರಿಯುವುದರಿಂದ ದುರ್ಬಲ ಗೋಡೆಯ ಮೇಲಿನ ಒತ್ತಡ ತಗ್ಗುತ್ತದೆ. 1990ರಲ್ಲಿ ಅರ್ಜೆಂಟೀನಾದ ಡಾ. ಹುವಾನ್ ಪರೋಡಿಯವರು ಈ ವಿಧಾನವನ್ನು ಕೈಗೊಂಡದ್ದು ಇಂಥ ಅಶಕ್ತ ರೋಗಿಗಳನ್ನು ಗಮನದಲ್ಲಿಟ್ಟುಕೊಂಡೇ.

"ಹಾಗಾದರೆ ನಾಳೆಯೇ ಮಾಡಿಬಿಡಿ ಡಾಕ್ಟರೇ, ತಂದೆಯವರಿಗೆ ಏನೂ ಹೇಳುವುದು ಬೇಡ" ಎಂದೆ. ಅವರು ಎರಡನ್ನೂ ಒಪ್ಪಲಿಲ್ಲ. ಬ್ರಿಟನ್ನಿನಲ್ಲಿ 404 ಅಶಕ್ತ ರೋಗಿಗಳನ್ನು ಕುರಿತ ಅಧ್ಯಯನದ ವಿಷಯ ತಿಳಿಸಿದರು. 2010ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ಕೊಳವೆ ಹಾಕಿಸಿಕೊಂಡವರಲ್ಲಿ ಉಬ್ಬಿನಿಂದಾಗುವ ಸಾವು ಕಡಿಮೆಯಾಯಿತು; ಒಟ್ಟು ಸಾವುಗಳ ಪ್ರಮಾಣ ಮಾತ್ರ ಇಳಿಯಲಿಲ್ಲ. ಇತರ ಕಾಯಿಲೆಗಳು ಹಾಗೆಯೇ ಉಳಿದಿದ್ದವಲ್ಲ! ಮೇಲಾಗಿ ಕೊಳವೆಯ ಅಂಚಿನಲ್ಲಿ ರಕ್ತ ಸೋರುವ ಸಂಭವವಿರುವುದರಿಂದ ಜೀವನಪರ್ಯಂತ ತಪಾಸಣೆ ಅಗತ್ಯ.

ಅಂದು ಸಂಜೆ ತಂದೆಯವರಿಗೆ ಎಲ್ಲವನ್ನೂ ತಿಳಿಸಿದೆವು. "ನನ್ನ ದೇಹದ ಸುದ್ದಿ ನನಗೇ ಕೊನೆಗೆ ತಿಳಿಯಬೇಕೇನಪ್ಪಾ?" ಎಂದು ನಸುನಕ್ಕರು. ಬಹಳ ಹೊತ್ತು ಸುಮ್ಮನಿದ್ದು, "ಮೊದಲು ಬೀಡಿ ಬಿಡುತ್ತೇನೆ. ಎದೆ ಸುಧಾರಿಸಿದರೆ ಮಾಡಿಸೋಣ, ಇಲ್ಲವಾದರೆ ಇರುವಷ್ಟು ದಿನ ಮನೆಯಲ್ಲೇ ಇರುತ್ತೇನೆ" ಎಂದರು.

ಬೀಡಿಯನ್ನು ಬಿಟ್ಟೇಬಿಟ್ಟರು. ಎರಡು ತಿಂಗಳ ಔಷಧೋಪಚಾರದಿಂದ ಉಸಿರು ಹಗುರವಾಯಿತು. ಅನಂತರವೇ ಕೊಳವೆ ಹಾಕಿದರು; ನಾಲ್ಕನೆಯ ದಿನ ಮನೆಗೆ ಬಂದರು. ಈ ವರ್ಷದ ತಪಾಸಣೆಯಲ್ಲಿ ಸೋರಿಕೆ ಕಂಡುಬಂದಿಲ್ಲ. ಮುಂದಿನ ವರ್ಷ ಮತ್ತೆ ಹೋಗಬೇಕು.

ಬೀಡಿ, ಸಿಗರೇಟು ಸೇದಿದ 65 ವರ್ಷ ದಾಟಿದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ, ಹೊಟ್ಟೆಯ ಸ್ಕ್ಯಾನಿಂಗ್ ಬಗ್ಗೆ ವೈದ್ಯರನ್ನು ಒಮ್ಮೆ ವಿಚಾರಿಸಿರಿ. ದೋಷವೇನಾದರೂ ಕಂಡುಬಂದರೆ ಅದನ್ನು ಮೊದಲು ಅವರಿಗೇ ತಿಳಿಸಿರಿ. ಹಿರಿಯರ ಮೇಲಿನ ಪ್ರೀತಿಯಿಂದಲೇ ನಾನು ಅವರ ಮಾತನ್ನು ಕಸಿಯಹೊರಟಿದ್ದೆ.