ಮಾಮೂ ಅಂಗಡಿಯ ಸಿ.ಡಿ.

ನಮ್ಮ ಮಾಮೂಗೆ ಮೊದಲು ಕ್ಯಾಸೆಟ್, ಸಿ.ಡಿ. ಅಂಗಡಿ ಇತ್ತು. ಈಗ ಅಲ್ಲಿ ಮೊಬೈಲ್ ರಿಪೇರಿ ಮಾಡುತ್ತಾರೆ. ಮಾರಾಟವಾಗದೆ ಉಳಿದ ಮಾಲಿನ ಒಂದು ಡಬ್ಬ ನಮ್ಮ ಅಟ್ಟದ ಮೇಲಿದೆ. ಕಳೆದ ಈದ್‌ಗೆ ಮನೆ ಸ್ವಚ್ಛ ಮಾಡುವಾಗ ಅದರಲ್ಲಿ ‘ಅಕ್ವೇರಿಯಂ’ ಸಿಕ್ಕಿತು. ಅಕ್ವಾ ತಂಡದ 1997ರ ಆಲ್ಬಂ. ‘ಬಾರ್ಬಿ ಗರ್ಲ್’ ಇರುವುದು ಇದರಲ್ಲೇ.

ಆ ಹಾಡು ಕೇಳಿದರೆ ನನಗೆ ಆಗುತ್ತಿರಲಿಲ್ಲ. ಆರು ವರ್ಷದವಳಿದ್ದಾಗ ಒಂದು ಮದುವೆಯಲ್ಲಿ ಗುಲಾಬಿ ಫ್ರಾಕ್ ಹಾಕಿಕೊಂಡು ಅದಕ್ಕೆ ಕುಣಿದಿದ್ದೆ. ಯಾರೋ “ಕಾಲಿ ಬಾರ್ಬಿ” ಎಂದರು. ಕಾಲಿ ಎಂದರೆ ಕಪ್ಪು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅಳು ಬಂದದ್ದು ಮನೆಗೆ ಬಂದು ಕನ್ನಡಿ ನೋಡಿದ ಮೇಲೆ.

ಸಿ.ಡಿ.ಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸೂಚನೆ ಇತ್ತು: ಈ ಹಾಡು ಸಮಾಜದ ಮೇಲಿನ ಟೀಕೆ, ಬೊಂಬೆ ತಯಾರಕರು ಮಾಡಿಸಿದ್ದಲ್ಲ, ಒಪ್ಪಿದ್ದೂ ಅಲ್ಲ. ಟೀಕೆಯೇ? ನಾನು ಹೊಗಳಿಕೆ ಎಂದುಕೊಂಡಿದ್ದೆ!

ಹುಡುಕಿ ಓದಿದೆ. ಆಗ ತಂಡದಲ್ಲಿ ನಾಲ್ವರಿದ್ದರು. ಗಾಯಕಿ ಲೇನೆ ನಾರ್ವೆಯವರು, ಉಳಿದ ಮೂವರು ಡೆನ್ಮಾರ್ಕಿನವರು. ಮೊದಲು ಜಾಯ್‌ಸ್ಪೀಡ್ ಎಂಬ ಹೆಸರಿನಲ್ಲಿ ಒಂದು ಹಾಡು ತಂದು ಸೋತಿದ್ದರು. ಡೆನ್ಮಾರ್ಕಿನ ಒಂದು ಪ್ರದರ್ಶನದಲ್ಲಿ ಬಾರ್ಬಿ ಬೊಂಬೆಗಳನ್ನು ನೋಡಿದಾಗ ಸೋರೆನ್‌ಗೆ ಈ ಹಾಡು ಹೊಳೆಯಿತಂತೆ. ಬ್ರಿಟನ್ನಿನಲ್ಲಿ ಅದು ನಾಲ್ಕು ವಾರ ಮೊದಲ ಸ್ಥಾನದಲ್ಲಿತ್ತು. ಒಂದೇ ಹಾಡಿನ ತಂಡ ಎನ್ನುವವರು ಗಮನಿಸಿ: ಇದೇ ಆಲ್ಬಮ್ಮಿನ ‘ಡಾಕ್ಟರ್ ಜೋನ್ಸ್’, ‘ಟರ್ನ್ ಬ್ಯಾಕ್ ಟೈಮ್’ ಕೂಡ ಅಲ್ಲಿ ಮೊದಲ ಸ್ಥಾನಕ್ಕೆ ಬಂದವು. ಎರಡನೆಯದು ನಿಧಾನದ ಹಾಡು, ನನಗೆ ಅದೇ ಇಷ್ಟ.

ಕಾಮರ್ಸ್‌ನವರಿಗೆ ರುಚಿಸುವ ಭಾಗ ಮುಂದಿದೆ. ಬೊಂಬೆ ಕಂಪನಿ ಮ್ಯಾಟೆಲ್, ತನ್ನ ಟ್ರೇಡ್‌ಮಾರ್ಕ್‌ಗೆ ಧಕ್ಕೆಯಾಯಿತೆಂದು 1997ರಲ್ಲೇ ಅಮೆರಿಕದಲ್ಲಿ ಮೊಕದ್ದಮೆ ಹೂಡಿತು. ತಮ್ಮನ್ನು ಕಳ್ಳರಂತೆ ಬಿಂಬಿಸಿದರೆಂದು ರೆಕಾರ್ಡ್ ಕಂಪನಿಯೂ ತಿರುಗಿ ದಾವೆ ಹಾಕಿತು. 2002ರಲ್ಲಿ ಮೇಲ್ಮನವಿ ನ್ಯಾಯಾಲಯ ಎರಡನ್ನೂ ಒಪ್ಪಲಿಲ್ಲ. ಬಾರ್ಬಿಯನ್ನು ಹಾಸ್ಯ ಮಾಡಲು ಬಾರ್ಬಿಯ ಹೆಸರು ಹೇಳಲೇಬೇಕಲ್ಲ! ಇಬ್ಬರೂ ಸ್ವಲ್ಪ ತಣ್ಣಗಾಗಿ ಎಂದು ನ್ಯಾಯಾಧೀಶರು ತೀರ್ಪಿನಲ್ಲೇ ಬರೆದರು. 2009ರಲ್ಲಿ ಮ್ಯಾಟೆಲ್ ತಾನೇ ಅದೇ ಹಾಡಿನ ಪದ ಬದಲಿಸಿ ಜಾಹೀರಾತಿಗೆ ಬಳಸಿತು. ಬ್ರ್ಯಾಂಡಿಂಗ್ ಪಾಠ ನನಗೆ ಅರ್ಥವಾದದ್ದು ಆಗ.

“ಮಾಮೂ, ಇದು ತಮಾಷೆ ಹಾಡು ಅಂತ ನಿಮಗೆ ಗೊತ್ತಿತ್ತಾ?” ಎಂದು ಕೇಳಿದೆ.

“ಇಂಗ್ಲಿಷ್ ಯಾರಿಗೆ ಬರ್ತಿತ್ತು ಬೇಟಿ? ಬೀಟ್ ಚೆನ್ನಾಗಿತ್ತು, ಮಾರ್ತಿದ್ವಿ,” ಎಂದರು.

ಸಿ.ಡಿ. ಹಾಕಲು ಮನೆಯಲ್ಲಿ ಪ್ಲೇಯರ್ ಇಲ್ಲ. ಮಾಮೂ ಮೊಬೈಲಿನಲ್ಲೇ ಹಾಕಿದರು. ಹನ್ನೊಂದು ವರ್ಷದ ಮೇಲೆ ಪೂರ್ತಿ ಕೇಳಿದೆ. ಅಡುಗೆಮನೆಯಿಂದ ಅಮ್ಮಿ, “ಆವಾಜ್ ಕಮ್ ಕರೋ!” ಎಂದು ಕೂಗಿದರು. ನಾನು ಕಡಿಮೆ ಮಾಡಲಿಲ್ಲ.