ರಂಗಸಜ್ಜಿಕೆಯಲ್ಲಿ ಸಂಕೇತ

ಪರದೆಯೇರಿದೊಡನೆ ಪ್ರೇಕ್ಷಕನ ಕಣ್ಣು ಮೊದಲು ಹುಡುಕುವುದು ಸ್ಥಳವನ್ನು. ಇದು ಅರಮನೆಯೋ, ಅಡವಿಯೋ, ಬೀದಿಯೋ ಎಂಬುದು ತಿಳಿದ ಮೇಲೆಯೇ ಅವನಿಗೆ ಸಮಾಧಾನ. ನಮ್ಮ ವೃತ್ತಿನಾಟಕ ಮಂಡಲಿಗಳವರು ಇದಕ್ಕಾಗಿಯೇ ದರ್ಬಾರಿನ ಪರದೆ, ಕಾಡಿನ ಪರದೆ, ಬೀದಿಯ ಪರದೆಗಳನ್ನು ಬರೆಯಿಸಿಟ್ಟುಕೊಂಡು, ಅವನ್ನೇ ಹತ್ತು ನಾಟಕಗಳಿಗೂ ಇಳಿಬಿಡುತ್ತಿದ್ದರು. ಸ್ಥಳವನ್ನು ತಿಳಿಸುವ ಕೆಲಸವು ಅದರಿಂದ ಚೆನ್ನಾಗಿಯೇ ನೆರವೇರುತ್ತಿತ್ತು. ಆದರೆ ಅರಮನೆಯೊಳಗೆ ನಿಂತವನ ಎದೆಯಲ್ಲಿ ಏನು ನಡೆದಿದೆಯೆಂಬುದನ್ನು ರಂಗಸಜ್ಜಿಕೆಯು ತೋರಿಸಬಲ್ಲುದೆ? ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರಲ್ಲಿ ಆಂಗ್ಲ ಕಲಾವಿದ ಎಡ್ವರ್ಡ್ ಗಾರ್ಡನ್ ಕ್ರೇಗರು (1872–1966) ಪ್ರಮುಖರು.

ಕ್ರೇಗರು ಪ್ರಸಿದ್ಧ ನಟಿ ಎಲನ್ ಟೆರಿಯವರ ಮಗ. ಎಳವೆಯಿಂದ ರಂಗಭೂಮಿಯಲ್ಲಿಯೇ ಬೆಳೆದವರು. ನರ್ತಕಿ ಇಸಡೋರಾ ಡಂಕನ್ನರ ಮಾತಿನ ಮೇಲೆ ಸ್ಟಾನಿಸ್ಲಾವ್‌ಸ್ಕಿಯವರು ಇವರನ್ನು 1908ರಲ್ಲಿ ಮಾಸ್ಕೋ ಕಲಾ ರಂಗಮಂದಿರಕ್ಕೆ ಬರಮಾಡಿಕೊಂಡರು. ಅಲ್ಲಿ ಇವರಿಗೆ ಒಪ್ಪಿಸಿದ ನಾಟಕವು ಷೇಕ್ಸ್‌ಪಿಯರನ ‘ಹ್ಯಾಮ್ಲೆಟ್’. ಕುವೆಂಪುರವರು ಬಿದನೂರಿನ ಇತಿಹಾಸಕ್ಕೆ ಹೊಂದಿಸಿ ಬರೆದ ‘ರಕ್ತಾಕ್ಷಿ’ಯಿಂದ ಕನ್ನಡ ವಾಚಕರಿಗೂ ಇದರ ಕಥೆಯು ಪರಿಚಿತವಾದುದೇ.

ಇಡೀ ನಾಟಕವನ್ನು ಹ್ಯಾಮ್ಲೆಟನ ಕಣ್ಣಿನಿಂದಲೇ ಕಾಣಿಸಬೇಕೆಂಬುದು ಕ್ರೇಗರ ಸಂಕಲ್ಪ. ಅರಮನೆಯನ್ನು ಬರೆದ ಪರದೆಯು ಅವರಿಗೆ ಬೇಕಾಗಿರಲಿಲ್ಲ. ಕೀಲುಹಾಕಿ ಜೋಡಿಸಿದ, ಬಹಳ ಎತ್ತರವಾದ ತಡಿಕೆಗಳನ್ನು ನಿಲ್ಲಿಸಿ, ಅವುಗಳನ್ನು ತಿರುಗಿಸಿ ಮಡಿಸಿ, ಮೇಲೆ ಬೆಳಕನ್ನು ಹಾಯಿಸಿದರೆ ಒಮ್ಮೆ ಓಣಿಯೂ ಒಮ್ಮೆ ಸಭಾಂಗಣವೂ ಒಮ್ಮೆ ಸೆರೆಮನೆಯೂ ಆಗುವುದೆಂದು ಅವರು ಬಗೆದರು. ರಾಜಸಭೆಯ ದೃಶ್ಯದಲ್ಲಿ ರಾಜನೂ ರಾಣಿಯೂ ಎತ್ತರದ ಪೀಠದಲ್ಲಿ ಹೊನ್ನಿನ ವಸ್ತ್ರದಿಂದ ಕೂಡಿ ಕುಳಿತಿರುವರು. ಅವರ ಹೆಗಲಿನಿಂದ ಇಳಿದ ಬಂಗಾರದ ಮೇಲುಹೊದಿಕೆಯೊಂದೇ ರಂಗದ ತುಂಬ ಹರಡಿಕೊಂಡಿರುವುದು. ಅದರ ರಂಧ್ರಗಳಿಂದ ಸಭಾಸದರ ತಲೆಗಳು ಮಾತ್ರ ಹೊರಕ್ಕೆ ಕಾಣುವುವು. ಮುಂಭಾಗದ ಕತ್ತಲೆಯಲ್ಲಿ ಹ್ಯಾಮ್ಲೆಟನೊಬ್ಬನೇ ಕುಳಿತಿರುವನು. ಅರಸನ ಐಶ್ವರ್ಯದಲ್ಲಿ ಪಾಲುಗೊಂಡವರೆಲ್ಲರೂ ಒಂದೇ ಹೊದಿಕೆಯಲ್ಲಿ ಸಿಕ್ಕಿಬಿದ್ದವರೆಂಬುದನ್ನು ತಿಳಿಸಲು ಅಲ್ಲಿ ಮಾತು ಬೇಕಾಗಿರಲಿಲ್ಲ.

ಆದರೆ ಮನಸ್ಸಿನಲ್ಲಿ ಹಗುರವಾಗಿ ತಿರುಗುವ ತಡಿಕೆಯು ರಂಗದ ಮೇಲೆ ಹಾಗೆ ತಿರುಗಲಿಲ್ಲ. ಲೋಹ, ಮರ ಮೊದಲಾದ ಸಹಜದ್ರವ್ಯಗಳೇ ಆಗಬೇಕೆಂದು ಕ್ರೇಗರ ಆಸೆ. ಕಬ್ಬಿಣದ ತಡಿಕೆಯನ್ನು ಅಲುಗಿಸಬೇಕಾದರೆ ರಂಗಮಂದಿರವನ್ನೇ ಹೊಸದಾಗಿ ಕಟ್ಟಬೇಕಾಗುತ್ತಿತ್ತು; ಮರದ್ದು ರಂಗದ ಕೆಲಸಗಾರರಿಗೆ ಅಪಾಯಕರವಾಯಿತು. ಕಡೆಗೆ ಹಗುರವಾದ ಚೌಕಟ್ಟಿಗೆ ಬಣ್ಣವಿಲ್ಲದ ದಪ್ಪಬಟ್ಟೆಯನ್ನು ಬಿಗಿಯಬೇಕಾಯಿತು. ಈ ನಡುವೆ 1910ರಲ್ಲಿ ಸ್ಟಾನಿಸ್ಲಾವ್‌ಸ್ಕಿಯವರು ವಿಷಮಜ್ವರದಿಂದ ಮಲಗಿದುದರಿಂದ ಕಾರ್ಯವು ಇನ್ನೂ ತಡವಾಯಿತು. ಮೊದಲ ಪ್ರದರ್ಶನವು ನಡೆದುದು 1912ರ ಜನವರಿ 5ರಂದು. ಪ್ರದರ್ಶನಕ್ಕೆ ಸ್ವಲ್ಪ ಮುಂಚೆ ತಡಿಕೆಯೊಂದು ವಾಲಿ, ಅದು ಮತ್ತೊಂದರ ಮೇಲೆ ಬಿದ್ದು, ಕ್ಷಣದಲ್ಲಿ ಎಲ್ಲವೂ ಇಸ್ಪೀಟಿನ ಮನೆಯಂತೆ ಕುಸಿಯಿತೆಂದು ಸ್ಟಾನಿಸ್ಲಾವ್‌ಸ್ಕಿಯವರು ತಮ್ಮ ಆತ್ಮಕಥೆಯಲ್ಲಿ ಬರೆದಿರುವರು. ಕ್ರೇಗರಿಗೆ ಈ ವೃತ್ತಾಂತವು ಹಿತವಾಗಲಿಲ್ಲ. ಅದು ಹೇಗೇ ಇರಲಿ, ಪ್ರೇಕ್ಷಕರ ಕಣ್ಣೆದುರಿನಲ್ಲಿಯೇ ತಡಿಕೆಗಳು ಸರಿದು ದೃಶ್ಯವು ಮಾರ್ಪಡಬೇಕೆಂಬ ಬಯಕೆಯನ್ನು ಕೈಬಿಟ್ಟು, ದೃಶ್ಯದೃಶ್ಯಕ್ಕೂ ಪರದೆಯನ್ನು ಎಳೆಯಬೇಕಾಯಿತು.

ಇಷ್ಟರಿಂದ ಆ ಪ್ರಯೋಗವು ವ್ಯರ್ಥವಾಯಿತೆಂದು ಹೇಳುವುದು ನ್ಯಾಯವಾಗದು. ತಡಿಕೆಗಳ ಯಂತ್ರಚಾತುರ್ಯವು ಕೈಕೊಟ್ಟಿತು. ಹೊನ್ನಿನ ಹೊದಿಕೆಯಾದರೋ ಇಂದಿಗೂ ರಸಿಕರ ನೆನಪಿನಲ್ಲಿ ಉಳಿದಿದೆ. ಇದಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಹೊದಿಕೆಯ ಎದುರಿಗೆ ಮನುಷ್ಯನೊಬ್ಬನಿದ್ದನು. ಹ್ಯಾಮ್ಲೆಟನಾಗಿದ್ದ ನಟ ಕಚಾಲೊವರು ಆ ಕತ್ತಲೆಯಲ್ಲಿ ಕುಳಿತಿರದಿದ್ದರೆ ಅಷ್ಟು ಬಂಗಾರವೂ ಬರಿಯ ವೈಭವವಾಗುತ್ತಿತ್ತು. ನಟನು ರೂಪಕರ್ತನ ಇಚ್ಛೆಗೆ ಒಳಗಾದ ಗೊಂಬೆಯಂತಿರಬೇಕೆಂದು ವಾದಿಸಿದ ಕ್ರೇಗರ ಶ್ರೇಷ್ಠ ಕಲ್ಪನೆಯೇ ನಟನ ಜೀವವನ್ನು ಆಶ್ರಯಿಸಿ ನಿಂತುದು ವಿಚಾರಮಾಡತಕ್ಕ ಸಂಗತಿ.

ನಮ್ಮ ಪೂರ್ವಿಕರು ಈ ಸತ್ಯವನ್ನು ಬೇರೊಂದು ದಾರಿಯಿಂದ ಕಂಡುಕೊಂಡಿದ್ದರು. ಶಾಕುಂತಲದ ಮೊದಲನೆಯ ಅಂಕದಲ್ಲಿ ದುಷ್ಯಂತನು ರಥವೇರಿ ಜಿಂಕೆಯನ್ನು ಅಟ್ಟಿಬರುವನು; ಆ ವೇಗವೆಲ್ಲವೂ ಅಭಿನಯದಿಂದಲೇ ತೋರಬೇಕಾದುದು. ಯಕ್ಷಗಾನದ ರಂಗದಲ್ಲಿ ಇರುವುದು ಒಂದು ಪೀಠ; ಅದಕ್ಕೆ ರಥವೆಂದೇ ಹೆಸರು. ವೇಷಧಾರಿಯು ಕುಳಿತರೆ ಅದು ಸಿಂಹಾಸನ, ಅವನು ಎದ್ದುಹೋದರೆ ಮರದ ತುಂಡು. ಮಾಸ್ಕೋ ನಗರದ ತಡಿಕೆಗಳಿಗೂ ನಮ್ಮ ಬಯಲಿನ ಪೀಠಕ್ಕೂ ಯಾವ ನಂಟೂ ಇಲ್ಲ. ಆದರೂ ಎರಡರ ಬೆಲೆಯನ್ನೂ ಗೊತ್ತುಮಾಡುವವನು ನಟನೇ.

ಆದುದರಿಂದ ಪ್ರಾಚೀನ ನಾಟಕವೊಂದಕ್ಕೆ ಸಾಂಕೇತಿಕವಾದ ಸಜ್ಜಿಕೆಯನ್ನು ರಚಿಸಹೊರಟ ತರುಣರು, ತಮ್ಮ ಸಂಕೇತವು ಎಷ್ಟು ಗಹನವಾಗಿದೆಯೆಂದು ಕೇಳಿಕೊಳ್ಳುವುದಕ್ಕೆ ಮೊದಲು, ಅದರ ಮುಂದೆ ನಟನಿಗೆ ನಿಲ್ಲಲು ಎಡೆಯಿದೆಯೇ ಎಂದು ನೋಡಿಕೊಳ್ಳುವುದು ಮೇಲು. ಅದೇ ಹ್ಯಾಮ್ಲೆಟಿನ ಕೊನೆಯಲ್ಲಿ ಸೈನಿಕರು ಬಿಳಿಯ ಧ್ವಜಗಳನ್ನು ಮೃತನ ಮೇಲೆ ಇಳಿಸುವರು. ಎಲ್ಲವೂ ಮುಚ್ಚಿಹೋದ ಮೇಲೂ ಅವನ ಮುಖವೊಂದು ಮಾತ್ರ ಕಾಣುತ್ತಿರುವುದು.